ಡೇಟ್ ಮಿಸ್ ಆಗುವ ಮೊದಲೇ ಕಿಟ್‌ನಲ್ಲಿ ನೋಡಿದರೆ ನಂಬಬಹುದಾ?

ಮಳೆಹನಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಒಂದು ವರ್ಷದಿಂದ ಮಗುವಿಗಾಗಿ ಪ್ರಯತ್ನ ಮಾಡುತ್ತಿದ್ದೇವೆ. ಫೋನಿನ ಆ್ಯಪ್ ಪ್ರಕಾರ ಅಂಡ ಬಿಡುಗಡೆಯಾಗಿ ಇವತ್ತಿಗೆ 12 ದಿನ, ಮುಟ್ಟಿಗೆ ಇನ್ನು ಎರಡು ದಿನ ಬಾಕಿ. ಬೆಳಿಗ್ಗೆ ಐದಕ್ಕೇ ಎಚ್ಚರವಾಯಿತು. ಮತ್ತೆ ನಿದ್ದೆ ಬರಲಿಲ್ಲ. ಎದ್ದು ಪ್ರೆಗ್ನೆನ್ಸಿ ಕಿಟ್‌ನಲ್ಲಿ ನೋಡಿದೆ. ಐದು ನಿಮಿಷಕ್ಕೆ ಸಿ ಹತ್ತಿರ ಒಂದೇ ಗೆರೆ, ಟಿ ಹತ್ತಿರ ಏನೂ ಇಲ್ಲ. ಅದನ್ನು ಅಲ್ಲೇ ಇಟ್ಟು ಬಂದೆ. ಮುಕ್ಕಾಲು ಗಂಟೆ ಬಿಟ್ಟು ಎಸೆಯೋಣ ಎಂದು ಕೈಗೆತ್ತಿಕೊಂಡರೆ ಟಿ ಹತ್ತಿರ ಕೂದಲೆಳೆಯಷ್ಟು ತೆಳ್ಳಗೆ, ಬೂದು ಬಣ್ಣದ ಏನೋ ಕಾಣಿಸಿತು. ಓರೆ ಮಾಡಿ ಹಿಡಿದರೆ ಇದೆ, ನೇರ ಹಿಡಿದರೆ ಇಲ್ಲ. ಆಗಿನಿಂದ ಹತ್ತು ಸಲ ನೋಡಿರಬೇಕು.

ಪೊಟ್ಟಣದ ಮೇಲೆ ಶೇ 99 ನಿಖರ ಎಂದು ಬರೆದಿದೆ. ಹಾಗಾದರೆ ಇದು ನೆಗೆಟಿವ್ ಅಂತಲೇ ಲೆಕ್ಕವಾ? ಎಷ್ಟನೇ ದಿನದಿಂದ ಇದನ್ನು ನಂಬಬಹುದು? ಗೊತ್ತಿರುವವರು ದಯವಿಟ್ಟು ಹೇಳಿ.

ಎರಡು_ಮಕ್ಕಳ_ಅಮ್ಮ

ಮೊದಲು ಆ ಕಿಟ್ ಎಸೆದುಬಿಡಿ ಮಳೆಹನಿ. ಇಟ್ಟುಕೊಂಡರೆ ಸಂಜೆವರೆಗೂ ನೋಡುತ್ತಲೇ ಇರುತ್ತೀರಿ. ಇನ್ನೂ ಡೇಟ್ ಬಂದಿಲ್ಲ ಅಲ್ವಾ? ಹಾಗಾದರೆ ಇದು ನೆಗೆಟಿವ್ ಅಲ್ಲ, ಪಾಸಿಟಿವ್ ಕೂಡ ಅಲ್ಲ. ನನ್ನ ಎರಡನೆಯವಳು ಹೊಟ್ಟೆಯಲ್ಲಿದ್ದಾಗ ಡೇಟ್ ಮುಗಿದು ಮೂರನೇ ದಿನ ಕೂಡ ಒಂದೇ ಗೆರೆ ಬಂದಿತ್ತು. ಆರನೇ ದಿನ ಎರಡು ಗೆರೆ ಬಂತು.

ಲ್ಯಾಬ್_ಬೆಂಚು

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ. ಈ ಪ್ರಶ್ನೆಯನ್ನು ಕೌಂಟರಿನಲ್ಲಿ ದಿನವೂ ಕೇಳುತ್ತೇನೆ, ಅದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಆ ಬೂದು ಗೆರೆ. ಪಟ್ಟಿಯೊಳಗೆ ಟಿ ಇರುವ ಜಾಗದಲ್ಲಿ ಆ್ಯಂಟಿಬಾಡಿಯನ್ನು ಒಂದು ಗೆರೆಯಂತೆ ಹಚ್ಚಿ ಒಣಗಿಸಿರುತ್ತಾರೆ. ಗರ್ಭ ನಿಂತಾಗ ಮೈಯಲ್ಲಿ ಉಂಟಾಗುವ ಎಚ್‌ಸಿಜಿ ಹಾರ್ಮೋನ್ ಬಂದರೆ ಅದು ಹಿಡಿದುಕೊಳ್ಳುತ್ತದೆ. ಜೊತೆಗೆ ಬರುವ ಬಣ್ಣದ ಕಣಗಳೂ ಅಲ್ಲೇ ನಿಲ್ಲುತ್ತವೆ, ಗುಲಾಬಿಯೋ ಕೆಂಪೋ ಗೆರೆ ಮೂಡುತ್ತದೆ. ಹಾರ್ಮೋನ್ ಇಲ್ಲದಿದ್ದರೂ ಮೂತ್ರ ಆರಿದ ಮೇಲೆ ಆ ಹಚ್ಚಿದ ಜಾಗ ಮಸುಕಾಗಿ ಕಾಣಿಸಬಹುದು. ಬಣ್ಣವಿಲ್ಲದ, ಬೂದು ಬೂದಾದ ಗೆರೆ ಸಾಮಾನ್ಯವಾಗಿ ಅದೇ. ಕಿಟ್ ಜೊತೆಗಿನ ಚೀಟಿಯಲ್ಲಿ ಇಷ್ಟು ನಿಮಿಷದೊಳಗೆ ನೋಡಿ ಎಂದು ಬರೆದಿರುತ್ತದೆ. ಹೆಚ್ಚಿನವುಗಳಲ್ಲಿ ಮೂರರಿಂದ ಐದು ನಿಮಿಷ, ಕೆಲವದರಲ್ಲಿ ಹತ್ತು. ಆ ಹೊತ್ತು ದಾಟಿದ ಮೇಲೆ ಏನು ಕಂಡರೂ ಲೆಕ್ಕಕ್ಕಿಲ್ಲ. ಆದರೆ ಹೇಳಿದ ಸಮಯದೊಳಗೇ ಮೂಡಿದ, ಬಣ್ಣ ಇರುವ ಗೆರೆ ಎಷ್ಟೇ ತೆಳುವಾಗಿದ್ದರೂ ಪಾಸಿಟಿವ್. ಸಿ ಗೆರೆಯಷ್ಟೇ ಗಾಢವಾಗಿರಬೇಕು ಎಂದೇನಿಲ್ಲ. ಸಿ ಗೆರೆ ಹೇಳುವುದು ದ್ರವ ಪಟ್ಟಿಯ ತುದಿಯವರೆಗೆ ಸರಿಯಾಗಿ ಹರಿದಿದೆ, ಕಿಟ್ ಕೆಲಸ ಮಾಡಿದೆ ಎಂದಷ್ಟೇ. ಸಿ ಗೆರೆಯೇ ಬರದಿದ್ದರೆ ಆ ಕಿಟ್ ಕೆಟ್ಟಿದೆ ಎಂದು ತಿಳಿಯಿರಿ.

ಇನ್ನು ದಿನದ ಲೆಕ್ಕ. ಅಂಡ ಮತ್ತು ವೀರ್ಯಾಣು ಸೇರಿದ ಕೂಡಲೇ ಎಚ್‌ಸಿಜಿ ಮೂತ್ರಕ್ಕೆ ಬರುವುದಿಲ್ಲ. ಭ್ರೂಣ ನಿಧಾನವಾಗಿ ಇಳಿದು ಬಂದು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಬೇಕು. ಆಮೇಲೆಯೇ ಕಿಟ್‌ಗೆ ಸಿಗುವಷ್ಟು ಹಾರ್ಮೋನ್ ತಾಯಿಯ ರಕ್ತಕ್ಕೆ ಸೇರಲು ಶುರುವಾಗುತ್ತದೆ. ಇದು ಎಲ್ಲರಲ್ಲೂ ಒಂದೇ ದಿನ ಆಗುವುದಿಲ್ಲ. ಅಲೆನ್ ವಿಲ್‌ಕಾಕ್ಸ್ ಎಂಬ ಅಮೆರಿಕದ ಸಂಶೋಧಕರ ತಂಡ ಹೆಂಗಸರ ದಿನದಿನದ ಮೂತ್ರ ಪರೀಕ್ಷಿಸಿ 1999ರಲ್ಲಿ ಇದನ್ನು ಪ್ರಕಟಿಸಿತ್ತು. ಆರು ವಾರ ದಾಟಿ ಉಳಿದ ಗರ್ಭಗಳಲ್ಲಿ ಶೇ 84ರಷ್ಟು ಅಂಟಿಕೊಂಡದ್ದು ಅಂಡ ಬಿಡುಗಡೆಯಾದ 8, 9 ಅಥವಾ 10ನೇ ದಿನ. ಅತಿ ಬೇಗ ಎಂದರೆ 6ನೇ ದಿನ, ಅತಿ ತಡ ಎಂದರೆ 12ನೇ ದಿನ.

ಅದೇ ತಂಡ 2001ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತು. ಮುಟ್ಟು ಬರಬೇಕಾದ ದಿನಕ್ಕೂ ಹತ್ತರಲ್ಲಿ ಒಂದು ಗರ್ಭ ಇನ್ನೂ ಗೋಡೆಗೆ ಅಂಟಿಕೊಂಡೇ ಇರುವುದಿಲ್ಲ. ಅಂಥವರು ಆ ದಿನ ಎಂಥ ಒಳ್ಳೆಯ ಕಿಟ್ ತಂದರೂ ಒಂದೇ ಗೆರೆ ಬರುತ್ತದೆ, ಯಾಕೆಂದರೆ ಹಿಡಿಯುವುದಕ್ಕೆ ಹಾರ್ಮೋನೇ ಇಲ್ಲ. ಇನ್ನೊಂದು ವಾರ ಕಾದರೆ ಹೆಚ್ಚೆಂದರೆ ಶೇ 97ರಷ್ಟು ಗರ್ಭಗಳು ಕಿಟ್‌ಗೆ ಸಿಗಬಹುದು. ಪೊಟ್ಟಣದ ಮೇಲಿನ ಶೇ 99 ಲ್ಯಾಬಿನಲ್ಲಿ ಮಾಡಿದ ಪರೀಕ್ಷೆಯ ಲೆಕ್ಕ. ಸಾಕಷ್ಟು ಹಾರ್ಮೋನ್ ಇದ್ದರೆ ಕಿಟ್ ತಪ್ಪುವುದಿಲ್ಲ, ನಿಜ. ಇವತ್ತು ನಿಮ್ಮ ಮೈಯಲ್ಲಿ ಅಷ್ಟು ಇದೆಯಾ ಎಂಬುದು ಬೇರೆ ಮಾತು.

ಒಂದು ಪ್ರಶ್ನೆ. 12 ದಿನ ಎಂದು ಹೇಳಿದ್ದು ಆ್ಯಪ್ ಮಾತ್ರವಾ? ಬೇರೆ ಏನಾದರೂ ನೋಡಿದ್ದೀರಾ?

ಮಳೆಹನಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅಂಡ ಬಿಡುಗಡೆಯ ಹೊತ್ತು ತಿಳಿಸುವ ಓವ್ಯುಲೇಶನ್ ಪಟ್ಟಿಯಲ್ಲೂ ನೋಡಿದ್ದೆ. ಮುಟ್ಟಾದ 16ನೇ ದಿನ ಗೆರೆ ಗಾಢವಾಗಿ ಬಂದಿತ್ತು, ಫೋಟೋ ಇದೆ. ಆ್ಯಪ್ ಮಾತ್ರ 14ನೇ ದಿನ ಎಂದು ಹಾಕಿಕೊಂಡಿದೆ. ನನ್ನ ತಿಂಗಳು 27ರಿಂದ 32 ದಿನದವರೆಗೆ ಹಿಂದೆ ಮುಂದೆ ಆಗುತ್ತದೆ.

ಲ್ಯಾಬ್_ಬೆಂಚು

ಹಾಗಾದರೆ ಪಟ್ಟಿಯನ್ನು ನಂಬಿ, ಆ್ಯಪನ್ನಲ್ಲ. ಆ ಗಾಢ ಗೆರೆ ಬಂದ ಮೇಲೆ ಒಂದೂವರೆ ದಿನದೊಳಗೆ ಸಾಮಾನ್ಯವಾಗಿ ಅಂಡ ಬಿಡುಗಡೆಯಾಗುತ್ತದೆ. ಅಂದರೆ 17ನೇ ದಿನ. ಇವತ್ತು ನಿಮಗೆ 26ನೇ ದಿನ. ನಿಮ್ಮದು 12 ದಿನ ಅಲ್ಲ, 9. ಗರ್ಭ ನಿಂತಿದ್ದರೂ ಇವತ್ತೋ ನಾಳೆಯೋ ಗೋಡೆಗೆ ಅಂಟಿಕೊಳ್ಳುತ್ತಿರಬಹುದು, ಅಷ್ಟೇ. ಮುಟ್ಟಿನ ನಿಜವಾದ ಡೇಟ್ ಇನ್ನೂ ಐದು ದಿನ ಮುಂದಿದೆ.

ಆ್ಯಪ್ ಹಿಂದಿನ ತಿಂಗಳುಗಳ ಸರಾಸರಿ ತೆಗೆದು ಊಹೆ ಮಾಡುತ್ತದೆ. ಈ ತಿಂಗಳು ನಿಮ್ಮ ಮೈಯಲ್ಲಿ ಏನಾಯಿತು ಎಂದು ಅದಕ್ಕೆ ಗೊತ್ತಿಲ್ಲ. ನೆಗೆಟಿವ್ ನೋಡಿ ಅತ್ತವರಲ್ಲಿ ಎಷ್ಟೋ ಜನ ಹೀಗೆ ಮೂರು ನಾಲ್ಕು ದಿನ ಮುಂಚೆ ನೋಡಿದವರೇ.

ಸಂಜೆಮಲ್ಲಿಗೆ

ನಾನು ಒಂದು ಮಾತು ಹೇಳಲೇಬೇಕು. ಬೇಗ ನೋಡಬೇಡಿ.

ಎರಡು ವರ್ಷದ ಹಿಂದೆ ಡೇಟ್‌ಗೆ ನಾಲ್ಕು ದಿನ ಮೊದಲು ನೋಡಿದ್ದೆ. ತೆಳುವಾದ ಗುಲಾಬಿ ಗೆರೆ, ಎರಡನೇ ನಿಮಿಷಕ್ಕೇ ಬಂದಿತ್ತು. ಮನೆಯವರನ್ನು ಎಬ್ಬಿಸಿ ತೋರಿಸಿದೆ. ಮರುದಿನ ಮತ್ತೆ ನೋಡಿದೆ, ಅಷ್ಟೇ ತೆಳು. ಅದರ ಮರುದಿನ ಇನ್ನೂ ತೆಳು. ಆರನೇ ದಿನ ಒಂದೇ ಗೆರೆ. ಆ ರಾತ್ರಿ ಮುಟ್ಟಾದೆ, ಡೇಟ್‌ಗಿಂತ ಒಂದೇ ದಿನ ತಡ. ಡಾಕ್ಟರ್ ಇದನ್ನು ಕೆಮಿಕಲ್ ಪ್ರೆಗ್ನೆನ್ಸಿ ಎಂದರು. ಗರ್ಭ ಅಂಟಿಕೊಂಡು, ಹಾರ್ಮೋನ್ ಬಿಟ್ಟು, ಬೆಳೆಯದೆ ನಿಂತುಹೋಗುವುದು. ನಾನು ಮಾಡಿದ ಯಾವ ಕೆಲಸದಿಂದಲೂ ಹಾಗಾಗಿಲ್ಲ, ಇದು ತುಂಬಾ ಜನರಿಗೆ ಆಗುತ್ತದೆ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ ಎಂದೂ ಹೇಳಿದರು.

ಆ ಮೂರು ಕಿಟ್‌ಗಳನ್ನು ಸಾಲಾಗಿ ಟಿಶ್ಯೂ ಮೇಲೆ ಇಟ್ಟಿದ್ದೆ. ಬಣ್ಣ ಇಳಿಯುತ್ತಾ ಹೋದದ್ದು ಇವತ್ತಿಗೂ ಕಣ್ಣ ಮುಂದೆ ಇದೆ. ಡೇಟ್‌ವರೆಗೆ ಕಾದಿದ್ದರೆ ಅದು ನನಗೆ ಒಂದು ದಿನ ತಡವಾದ ಮುಟ್ಟು ಮಾತ್ರ ಆಗಿರುತ್ತಿತ್ತು.

ಕಿರುಹಾದಿ

ಸಂಜೆಮಲ್ಲಿಗೆ ಅಕ್ಕ, ಓದಿ ಹೊಟ್ಟೆ ಕಿವುಚಿದಂತಾಯಿತು. ಆದರೂ ಎಲ್ಲರಿಗೂ ಕಾಯಿರಿ ಎಂದೇ ಹೇಳಬಾರದು ಅನಿಸುತ್ತದೆ.

ನನಗೆ ಥೈರಾಯ್ಡ್ ಇದೆ, ದಿನಾ ಮಾತ್ರೆ. ಪಾಸಿಟಿವ್ ಬಂದ ದಿನವೇ ಫೋನ್ ಮಾಡಿ ತಿಳಿಸಿ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಗರ್ಭ ನಿಂತ ಮೊದಲ ವಾರಗಳಲ್ಲೇ ಡೋಸ್ ಜಾಸ್ತಿ ಬೇಕಾಗುತ್ತದೆ, ಮಗು ಆಗ ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ. ಹಾಗಾಗಿ ಡೇಟ್ ಆದ ದಿನ ಬೆಳಿಗ್ಗೆಯೇ ನೋಡಿದೆ. ಸಕ್ಕರೆ ಕಾಯಿಲೆ, ಬಿಪಿ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಗರ್ಭನಾಳದಲ್ಲಿ ಗರ್ಭ ನಿಂತವರು, ಇವರೆಲ್ಲ ಬೇಗ ತಿಳಿದುಕೊಳ್ಳಲೇಬೇಕು. ಮಾತ್ರೆ ನಾವಾಗಿಯೇ ನಿಲ್ಲಿಸಬಾರದು, ಅದು ಬೇರೆ ವಿಷಯ.

ಸಂಜೆಮಲ್ಲಿಗೆ

ಒಪ್ಪುತ್ತೇನೆ ಕಿರುಹಾದಿ. ಕಾರಣ ಇದ್ದರೆ ನೋಡಲಿ. ಆದರೆ ನೀವೂ ಡೇಟ್ ದಿನ ನೋಡಿದಿರಿ, ನಾಲ್ಕು ದಿನ ಮುಂಚೆ ಅಲ್ಲವಲ್ಲ. ನನ್ನ ಬೇಡಿಕೆ ಅಷ್ಟೇ.

ನಡುರಾತ್ರಿ_ದೀಪ

ಒಂದು ಸಂದೇಹ. ಬೆಳಗಿನ ಮೊದಲ ಮೂತ್ರವೇ ಆಗಬೇಕು ಅನ್ನುತ್ತಾರಲ್ಲ, ಅದು ನಿಜವಾ? ನಾನು ರಾತ್ರಿ ಪಾಳಿ. ನನಗೆ ಬೆಳಿಗ್ಗೆ ಎಂದರೆ ಮಲಗುವ ಹೊತ್ತು.

ಲ್ಯಾಬ್_ಬೆಂಚು

ಬೆಳಿಗ್ಗೆಗೆ ವಿಶೇಷ ಏನಿಲ್ಲ. ರಾತ್ರಿಯಿಡೀ ನೀರು ಕುಡಿಯದೆ ಮೂತ್ರ ಗಟ್ಟಿಯಾಗಿರುತ್ತದೆ, ಅದಕ್ಕೇ ಹಾಗೆ ಹೇಳುವುದು. ನೀವು ಮಲಗಿ ಎದ್ದ ಮೇಲೆ, ಮಧ್ಯಾಹ್ನವಾದರೂ ಸರಿ, ಮೊದಲ ಸಲದ್ದನ್ನು ತೆಗೆದುಕೊಳ್ಳಿ. ಡೇಟ್ ಹತ್ತಿರದ ದಿನಗಳಲ್ಲಿ ಇದು ಮುಖ್ಯ. ಡೇಟ್ ಮುಗಿದು ವಾರವಾಗಿದ್ದರೆ ಯಾವ ಹೊತ್ತಾದರೂ ನಡೆಯುತ್ತದೆ. ಮೂತ್ರ ಬರಲಿ ಎಂದು ಲೀಟರ್‌ಗಟ್ಟಲೆ ನೀರು ಕುಡಿದು ನೋಡುವವರಿದ್ದಾರೆ. ಹಾಗೆ ಮಾತ್ರ ಮಾಡಬೇಡಿ, ಹಾರ್ಮೋನ್ ತೆಳುವಾಗಿ ಕಿಟ್‌ಗೆ ಸಿಗದೇ ಹೋಗುತ್ತದೆ.

ಹೊಂಗೆನೆರಳು

ಗಂಡಸರು ಇಲ್ಲಿ ಕೇಳಬಹುದು ತಾನೇ? ಹೆಂಡತಿಗೆ ಕಳೆದ ವಾರ ಜ್ವರ, ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದಾಳೆ. ಅದರಿಂದ ಟೆಸ್ಟ್ ತಪ್ಪು ಬರುತ್ತದಾ? ಕಿಟ್‌ಗಳಲ್ಲೂ ಕೆಲವು ಬೇಗ ಹಿಡಿಯುತ್ತವೆ, ಕೆಲವು ಇಲ್ಲ ಎಂದು ಕೇಳಿದ್ದೇನೆ.

ಲ್ಯಾಬ್_ಬೆಂಚು

ಖಂಡಿತ ಕೇಳಬಹುದು. ಆ್ಯಂಟಿಬಯೋಟಿಕ್, ನೋವಿನ ಮಾತ್ರೆ, ಗರ್ಭನಿರೋಧಕ ಮಾತ್ರೆ, ಇವುಗಳಿಂದ ತೊಂದರೆ ಇಲ್ಲ. ಸುಳ್ಳು ಪಾಸಿಟಿವ್ ಬರಿಸುವ ಮುಖ್ಯ ಔಷಧಿ ಎಂದರೆ ಎಚ್‌ಸಿಜಿ ಇರುವ ಇಂಜೆಕ್ಷನ್ನೇ.

ಕಿಟ್‌ಗಳ ಮಾತು ನಿಜ. ಪೊಟ್ಟಣದ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಅದರ ಮಿತಿ, ಅಂದರೆ ಅದು ಹಿಡಿಯಬಲ್ಲ ಅತಿ ಕಡಿಮೆ ಹಾರ್ಮೋನ್ ಎಷ್ಟು ಎಂದು ಬರೆದಿರುತ್ತದೆ. ಸಾಮಾನ್ಯವಾಗಿ ಒಂದು ಮಿಲಿ ಲೀಟರಿಗೆ 25 ಮಿಲಿ ಯೂನಿಟ್. ಬೇಗ ನೋಡಲೆಂದೇ ಬರುವ ಕಿಟ್‌ಗಳಲ್ಲಿ 10 ಇರುತ್ತದೆ. ಸಂಖ್ಯೆ ಕಡಿಮೆ ಇದ್ದಷ್ಟೂ ಕಿಟ್ ಚುರುಕು. ಆದರೆ ಮೊದಲ ವಾರಗಳಲ್ಲಿ ಈ ಹಾರ್ಮೋನ್ ಎರಡು ಮೂರು ದಿನಕ್ಕೆ ದುಪ್ಪಟ್ಟಾಗುತ್ತದೆ. ಇವತ್ತು 10 ಇದ್ದದ್ದು ಮೂರು ನಾಲ್ಕು ದಿನದಲ್ಲಿ 25 ದಾಟುತ್ತದೆ. ಚುರುಕಾದ ಕಿಟ್ ಕೊಡುವ ಲಾಭ ಆ ಮೂರು ದಿನ ಮಾತ್ರ. ಕಾಯುವುದಾದರೆ ಸಾಧಾರಣ ಕಿಟ್ಟೇ ಸಾಕು. ಎಕ್ಸ್‌ಪೈರಿ ಡೇಟ್ ಮಾತ್ರ ನೋಡಿ ತನ್ನಿ.

ಹಸಿರುಗಾಜು

ಆ ಇಂಜೆಕ್ಷನ್ ವಿಷಯ ನನ್ನದೇ ಕಥೆ. ಚಿಕಿತ್ಸೆಯಲ್ಲಿ ಅಂಡ ಬಿಡುಗಡೆಗೆ ಎಂದು ಟ್ರಿಗರ್ ಇಂಜೆಕ್ಷನ್ ಕೊಟ್ಟಿದ್ದರು. ಅದರಲ್ಲಿ ಇರುವುದೇ ಎಚ್‌ಸಿಜಿ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಏಳನೇ ದಿನ ಮನೆಯಲ್ಲಿ ನೋಡಿದರೆ ಎರಡು ಗೆರೆ. ಕುಣಿದಾಡಿದೆ. 14ನೇ ದಿನ ರಕ್ತ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಗೆರೆ ಮೂಡಿಸಿದ್ದು ಇಂಜೆಕ್ಷನ್. ಅದು ಮೈಯಿಂದ ಪೂರ್ತಿ ಹೋಗಲು ಹತ್ತರಿಂದ ಹದಿನಾಲ್ಕು ದಿನ ಬೇಕಂತೆ. ಚಿಕಿತ್ಸೆಯಲ್ಲಿರುವವರು ಕ್ಲಿನಿಕ್ ಹೇಳಿದ ದಿನದವರೆಗೆ ಕಿಟ್ ಮುಟ್ಟಬೇಡಿ, ಕೈ ಮುಗಿದು ಕೇಳುತ್ತೇನೆ.

ಎರಡು_ಮಕ್ಕಳ_ಅಮ್ಮ

ಹೆರಿಗೆ ಅಥವಾ ಗರ್ಭಪಾತ ಆದ ಮೇಲೂ ಹಾಗೇ ಅಲ್ವಾ? ನನ್ನ ತಂಗಿಗೆ ಗರ್ಭಪಾತವಾಗಿ ಮೂರು ವಾರ ಆದಮೇಲೂ ತೆಳು ಗೆರೆ ಬರುತ್ತಿತ್ತು.

ಲ್ಯಾಬ್_ಬೆಂಚು

ಹೌದು, ಹಳೆಯ ಹಾರ್ಮೋನ್ ಕರಗಲು ಕೆಲವು ವಾರ ಬೇಕು. ಇಳಿಯುತ್ತಾ ಹೋಗಿ ಇಲ್ಲವಾಗಬೇಕು. ಇಳಿಯದೆ ನಿಂತರೆ ಡಾಕ್ಟರಿಗೆ ತೋರಿಸಲೇಬೇಕು.

ತಾವರೆಕೊಳ

ನನ್ನಂಥವರು ಏನು ಮಾಡಬೇಕು? ಪಿಸಿಒಡಿ. ಮುಟ್ಟು ಕೆಲವೊಮ್ಮೆ 40 ದಿನಕ್ಕೆ, ಕೆಲವೊಮ್ಮೆ 70 ದಿನಕ್ಕೆ. ಡೇಟ್ ಎಂಬುದೇ ಇಲ್ಲ, ಮಿಸ್ ಆಗುವ ಮಾತೆಲ್ಲಿ? ಪ್ರತಿ ವಾರ ನೋಡಿ ನೋಡಿ ಸೋತಿದ್ದೇನೆ. ಓವ್ಯುಲೇಶನ್ ಪಟ್ಟಿಯೂ ನನಗೆ ದಿನಾ ಗಾಢವಾಗಿಯೇ ಬರುತ್ತದೆ.

ಕಿರುಹಾದಿ

ನನ್ನ ಅಕ್ಕನಿಗೂ ಪಿಸಿಒಡಿ. ಅವಳ ಡಾಕ್ಟರ್ ಹೇಳಿದ್ದು ಸುಲಭದ ಲೆಕ್ಕ. ಮುಟ್ಟಿನ ಡೇಟ್ ಬಿಟ್ಟುಬಿಡಿ, ಕೊನೆಯ ಸಲ ಗಂಡ ಹೆಂಡತಿ ಸೇರಿದ ದಿನದಿಂದ 21 ದಿನ ಎಣಿಸಿ. ಆಮೇಲೆ ನೋಡಿದ ನೆಗೆಟಿವ್ ಅನ್ನು ನಂಬಬಹುದು. ಅದಕ್ಕೆ ಮೊದಲು ಎಷ್ಟು ಸಲ ನೋಡಿದರೂ ಅಷ್ಟೇ. ಅವಳು ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಡುತ್ತಿದ್ದಳು.

ಲ್ಯಾಬ್_ಬೆಂಚು

ಕಿರುಹಾದಿ ಹೇಳಿದ್ದು ಸರಿ. ತಾವರೆಕೊಳ, ಪಿಸಿಒಡಿ ಇರುವ ಎಷ್ಟೋ ಜನರಲ್ಲಿ ಓವ್ಯುಲೇಶನ್ ಪಟ್ಟಿ ಹಿಡಿಯುವ ಎಲ್‌ಎಚ್ ಹಾರ್ಮೋನ್ ಮೊದಲಿನಿಂದಲೇ ಜಾಸ್ತಿ ಇರುತ್ತದೆ, ಅದಕ್ಕೇ ಆ ಪಟ್ಟಿ ದಿನಾ ಗಾಢ. ಇನ್ನೊಂದು ವಿಷಯ, ಎಲ್‌ಎಚ್ ಮತ್ತು ಎಚ್‌ಸಿಜಿ ಎರಡರ ರಚನೆಯೂ ತುಂಬಾ ಹತ್ತಿರ. ಹಾಗಾಗಿ ಕೆಲವರು ಓವ್ಯುಲೇಶನ್ ಪಟ್ಟಿಯಲ್ಲೇ ಗರ್ಭ ನೋಡಲು ಹೋಗುತ್ತಾರೆ. ಅದು ಆ ಕೆಲಸಕ್ಕೆ ಮಾಡಿದ್ದಲ್ಲ, ನಂಬಬೇಡಿ.

ಕಾಯುವುದು ಕಷ್ಟ, ನನಗೂ ಗೊತ್ತು. ಆದರೂ ಒಂದು ಮಾತು. ಈಗ ಐದು ನಿಮಿಷದಲ್ಲಿ, ಬಾಗಿಲು ಹಾಕಿಕೊಂಡು, ಯಾರಿಗೂ ಹೇಳದೆ ನೋಡಿಕೊಳ್ಳುತ್ತೇವಲ್ಲ, ಇದು ಹೆಂಗಸರ ಕೈಗೆ ಬಂದು ಬಹಳ ಕಾಲವಾಗಿಲ್ಲ. 1930ರ ದಶಕದಲ್ಲಿ ಹೆಂಗಸಿನ ಮೂತ್ರವನ್ನು ಕಪ್ಪೆಗೆ ಚುಚ್ಚಿ, ಅದು ಮೊಟ್ಟೆ ಇಡುತ್ತದಾ ಎಂದು ಕಾದು ನೋಡುತ್ತಿದ್ದರು. 1967ರಲ್ಲಿ ಮಾರ್ಗರೆಟ್ ಕ್ರೇನ್ ಎಂಬಾಕೆ, ಔಷಧಿ ಕಂಪನಿಯೊಂದರಲ್ಲಿ ಪೊಟ್ಟಣಗಳ ವಿನ್ಯಾಸ ಮಾಡುತ್ತಿದ್ದವರು, ಲ್ಯಾಬಿನಲ್ಲಿ ಸಾಲಾಗಿ ತೂಗುಹಾಕಿದ್ದ ಟ್ಯೂಬುಗಳನ್ನು ನೋಡಿ ಇದನ್ನು ಮನೆಯಲ್ಲೇ ಏಕೆ ಮಾಡಬಾರದು ಎಂದು ಯೋಚಿಸಿದರು. ಮೇಜಿನ ಮೇಲಿದ್ದ ಪೇಪರ್ ಕ್ಲಿಪ್ ಇಡುವ ಪ್ಲಾಸ್ಟಿಕ್ ಡಬ್ಬಿಯನ್ನೇ ತೆಗೆದುಕೊಂಡು ಮೊದಲ ಮಾದರಿ ಮಾಡಿದರು. ಅಮೆರಿಕದ ಅಂಗಡಿಗಳಿಗೆ ಮನೆ ಪರೀಕ್ಷೆ ಬಂದದ್ದು ಸುಮಾರು ಹತ್ತು ವರ್ಷ ಕಳೆದ ಮೇಲೆ. ಕಿಟ್ ಕೈಯಲ್ಲಿ ಹಿಡಿದಾಗಲೆಲ್ಲ ಆಕೆ ನನಗೆ ನೆನಪಾಗುತ್ತಾರೆ.

ಬೇಲಿಹೂ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಪಾಸಿಟಿವ್ ಬಂದರೆ ಎಲ್ಲ ಸರಿ ಎಂದು ಯಾರೂ ಅಂದುಕೊಳ್ಳದಿರಲಿ ಎಂದು ಬರೆಯುತ್ತಿದ್ದೇನೆ.

ನನಗೆ ಡೇಟ್ ಆದ ನಾಲ್ಕನೇ ದಿನ ಎರಡು ಗೆರೆ ಬಂದಿತ್ತು. ಒಂದು ವಾರದ ಮೇಲೆ ಸ್ವಲ್ಪ ಕಂದು ಸ್ರಾವ, ಬಲಗಡೆ ಕಿಬ್ಬೊಟ್ಟೆಯಲ್ಲಿ ನೋವು. ಗ್ಯಾಸ್ ಇರಬಹುದು ಎಂದು ಒಂದು ಕಡೆ ಮಾತ್ರೆ ಕೊಟ್ಟು ಕಳಿಸಿದರು. ಎರಡು ದಿನ ಕಳೆದು ಬಟ್ಟೆ ಮಡಚುತ್ತಾ ನಿಂತಿದ್ದೆ, ಭುಜದ ತುದಿಯಲ್ಲಿ ಚುಚ್ಚಿದಂಥ ನೋವು. ಕಣ್ಣು ಕತ್ತಲೆ ಬಂತು. ಕೈಯಲ್ಲಿದ್ದ ಟವೆಲ್ ಹಿಡಿದುಕೊಂಡೇ ಕುಸಿದೆ. ಗರ್ಭ ನಾಳದಲ್ಲಿ ಬೆಳೆದು ನಾಳ ಒಡೆದಿತ್ತು. ರಾತ್ರಿಯೇ ಆಪರೇಶನ್. ಒಂದು ನಾಳ ತೆಗೆದರು, ಜೀವ ಉಳಿಯಿತು.

ಗರ್ಭ ಎಲ್ಲಿ ನಿಂತಿದೆ ಎಂದು ಕಿಟ್ ಹೇಳುವುದಿಲ್ಲ. ಎರಡು ಗೆರೆ ಬಂದ ಮೇಲೆ ಒಂದು ಬದಿಯ ನೋವು, ರಕ್ತ, ಭುಜ ನೋವು, ತಲೆ ಸುತ್ತು, ಇದರಲ್ಲಿ ಯಾವುದಾದರೂ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ನೆಗೆಟಿವ್ ಬಂದಿದ್ದು, ಮುಟ್ಟು ತಡವಾಗಿ, ಇಂಥ ನೋವಿದ್ದರೂ ಅಷ್ಟೇ. ನೇರ ಆಸ್ಪತ್ರೆಗೆ ಹೋಗಿ.

ಸಂಜೆಮಲ್ಲಿಗೆ

ಬೇಲಿಹೂ, ನೀವು ಇದನ್ನು ಬರೆದದ್ದು ಒಳ್ಳೆಯದಾಯಿತು. ಈಗ ಹೇಗಿದ್ದೀರಿ?

ಬೇಲಿಹೂ

ಈಗ ಚೆನ್ನಾಗಿದ್ದೇನೆ ಅಕ್ಕ. ಮಗನಿಗೆ ಎಂಟು ತಿಂಗಳು. ಉಳಿದ ಒಂದೇ ನಾಳದಲ್ಲಿ ಆದದ್ದು.

ಮಳೆಹನಿ

ಮೂರು ದಿನ ಕಿಟ್ ಮುಟ್ಟಲಿಲ್ಲ. ಇವತ್ತು ತಡೆಯಲಾಗಲಿಲ್ಲ. ನಿಮ್ಮ ಲೆಕ್ಕದಲ್ಲಿ 12ನೇ ದಿನ. ನಾಲ್ಕನೇ ನಿಮಿಷಕ್ಕೆ ಟಿ ಹತ್ತಿರ ಏನೋ ಮೂಡಿತು. ಈ ಸಲ ಬೂದು ಅಲ್ಲ, ಗುಲಾಬಿ. ಆದರೆ ತುಂಬಾ ತೆಳು. ಮನೆಯವರಿಗೆ ಕಾಣಿಸಲೇ ಇಲ್ಲ. ಸಂಜೆಮಲ್ಲಿಗೆ ಅಕ್ಕನ ಮಾತು ನೆನಪಾಗಿ ಕೈ ನಡುಗಿತು.

ಸಂಜೆಮಲ್ಲಿಗೆ

ಈಗ ನಾಳೆ ಬೆಳಿಗ್ಗೆ ನೋಡಬೇಡ ಪುಟ್ಟಾ. ಒಂದು ದಿನದಲ್ಲಿ ಗಾಢವಾಗಲಿಲ್ಲ ಎಂದು ಸುಮ್ನೆ ಹೆದರುತ್ತೀಯ. ಎರಡು ದಿನ ಬಿಡು.

ಲ್ಯಾಬ್_ಬೆಂಚು

ಅದೇ ಸರಿ. ಗೆರೆಯ ಗಾಢತೆ ನೋಡಿ ಹಾರ್ಮೋನ್ ಎಷ್ಟಿದೆ ಎಂದು ಅಳೆಯಲಾಗದು. ಮೂತ್ರ ಎಷ್ಟು ಗಟ್ಟಿ, ಎಷ್ಟು ಹನಿ ಹಾಕಿದಿರಿ, ಯಾವ ಪೊಟ್ಟಣ, ಎಲ್ಲದರಿಂದಲೂ ಬಣ್ಣ ಬದಲಾಗುತ್ತದೆ. 48 ಗಂಟೆ ಬಿಟ್ಟು ಅದೇ ಕಂಪನಿಯ ಕಿಟ್‌ನಲ್ಲಿ ನೋಡಿ. ಎರಡು ಗೆರೆ ಬಂದರೆ ಡಾಕ್ಟರಿಗೆ ಹೇಳಿ. ಬೇಕೆಂದರೆ ರಕ್ತದ ಬೀಟಾ ಟೆಸ್ಟ್ ಬರೆದುಕೊಡುತ್ತಾರೆ. ಅದರಲ್ಲಿ ಎಚ್‌ಸಿಜಿ ಎಷ್ಟಿದೆ ಎಂಬ ಸಂಖ್ಯೆ ಸಿಗುತ್ತದೆ. ಮೊದಲ ಸಂಖ್ಯೆಗಿಂತ ಎರಡು ದಿನ ಬಿಟ್ಟು ಅದು ಎಷ್ಟು ಏರಿತು ಎಂಬುದೇ ಮುಖ್ಯ. ಫೋಲಿಕ್ ಆಸಿಡ್ ತೆಗೆದುಕೊಳ್ಳುತ್ತಿದ್ದೀರಿ ತಾನೇ?

ಮಳೆಹನಿ

ಹೌದು, ಮೂರು ತಿಂಗಳಿಂದ.

ಹೊಂಗೆನೆರಳು

ನಮ್ಮದು ಈ ತಿಂಗಳು ಆಗಲಿಲ್ಲ. ನಿನ್ನೆ ಮುಟ್ಟಾದಳು. ಆದರೆ ಈ ಸಲ ಮುಂಚೆ ನೋಡಿರಲಿಲ್ಲ. ಹೋದ ತಿಂಗಳು ದಿನಾ ನೋಡಿ ಐದು ದಿನ ಅತ್ತಿದ್ದಳು, ಈ ಸಲ ಒಂದೇ ದಿನ. ಮಳೆಹನಿ ಅವರಿಗೆ ಒಳ್ಳೆಯದಾಗಲಿ.

ಮಳೆಹನಿ

ಹೊಂಗೆನೆರಳು, ಅವರಿಗೆ ನನ್ನ ಕಡೆಯಿಂದ ಒಂದು ಅಪ್ಪುಗೆ ಕೊಡಿ.

14ನೇ ದಿನ ನೋಡಿದೆ, ಮನೆಯವರಿಗೂ ಕಾಣಿಸಿತು. ಮರುದಿನ ರಕ್ತ ಕೊಟ್ಟೆ, ಬೀಟಾ 62. ಎರಡು ದಿನ ಬಿಟ್ಟು ಮತ್ತೆ ಕೊಟ್ಟೆ. ಇವತ್ತು ಸಂಜೆ ರಿಪೋರ್ಟ್ ಬಂತು, 141. ಡಾಕ್ಟರ್ ಎರಡೂವರೆ ವಾರದ ಮೇಲೆ ಸ್ಕ್ಯಾನ್‌ಗೆ ಬನ್ನಿ ಎಂದಿದ್ದಾರೆ. ಅದಕ್ಕೆ ಮೊದಲು ಸ್ಕ್ಯಾನ್ ಮಾಡಿದರೆ ಎದೆಬಡಿತ ಕಾಣದೆ ಸುಮ್ನೆ ಗಾಬರಿಯಾಗುತ್ತದಂತೆ. ಬೇಲಿಹೂ ಅವರು ಬರೆದ ಲಕ್ಷಣಗಳನ್ನು ಮನೆಯವರಿಗೂ ಓದಿ ಹೇಳಿದ್ದೇನೆ, ಡಾಕ್ಟರ್ ನಂಬರ್ ಇಬ್ಬರ ಫೋನಲ್ಲೂ ಇದೆ.

ಇನ್ನೆರಡು ಕಿಟ್ ಉಳಿದಿವೆ. ಡ್ರಾಯರಿನಲ್ಲೇ ಇವೆ, ತೆಗೆದಿಲ್ಲ.